ಊಳಿಡದ ಮರಿ

ಕುಕ್ಕರ್ ಕೂಗಿತು. ಕೆಳಗೆ ಬೀದಿಯಲ್ಲಿ ಯಾರೋ ಆನೆಪಟಾಕಿ ಹಚ್ಚಿದರು. ಮುಖಪರಿಚಯವೇ ಇಲ್ಲದ ಜನ ಒಳಗೆ ಬಂದು ನಾಯಿಮರಿಯ ಕಿವಿ ಹಿಡಿದು, ಬಾಯಿ ಬಿಡಿಸಿ, ಬಾಲ ಎಳೆದು ನೋಡಿದರು. ಎರಡು ತಿಂಗಳೂ ತುಂಬದ ಚಕ್ಕುಲಿ ಕೂತಲ್ಲಿಂದ ಕದಲಲಿಲ್ಲ. ತನಗೆ ಆ ಹೆಸರು ತಂದಿದ್ದ ಸುರುಳಿ ಬಾಲವನ್ನು ಎಲ್ಲರಿಗೂ ಸಮನಾಗಿ ಅಲ್ಲಾಡಿಸಿತು. ಅದರ ಕೊರಳಲ್ಲಿ ಬೆರಳಗಲದ ಬೂದು ಪಟ್ಟಿಯೊಂದಿತ್ತು.

"ನೋಡಿದ್ಯಾ ಸಿಂಚನಾ? ನಿನ್ನೆ ಇದೇ ಮರಿ ಪೊರಕೆ ಕಂಡು ಮಂಚದ ಕೆಳಗೆ ನುಗ್ಗಿತ್ತು. ಇನ್ನು ಇದು ನಿಂದೇ, ಇಟ್ಕೋ," ಎಂದ ಡಾ. ತನ್ಮಯ್. ಆ ಪಟ್ಟಿ ಅವನದೇ ಸೃಷ್ಟಿ.

ಸಿಂಚನ ಅವನ ತಂಗಿ. ಗಂಡನ ಮನೆ ಬಿಟ್ಟು ಬಂದು ಮೈಸೂರಿನ ಒಂದು ಪುಟ್ಟ ಫ್ಲಾಟಿನಲ್ಲಿ ಒಬ್ಬಳೇ ಇದ್ದಳು. ಯಂತ್ರಗಳು ಚಂದ್ರನ ಮೇಲೆ ಇಟ್ಟಿಗೆ ಸುಡುತ್ತಿದ್ದ ಆ ಕಾಲದಲ್ಲೂ ರವಿಕೆಯ ತೋಳು ಸರಿಯಾಗಿ ಕೂರಬೇಕಾದರೆ ಹೆಂಗಸರು ಅವಳ ಹೊಲಿಗೆ ಮಷಿನಿನ ಬಳಿಗೇ ಬರುತ್ತಿದ್ದರು.

ನಾಯಿಮರಿ ಹುಟ್ಟಿದ ಕೆಲವೇ ವಾರಗಳಲ್ಲಿ ಲೋಕವನ್ನು ಕಲಿಯುತ್ತದೆ. ಆಗ ಕಂಡದ್ದು, ಕೇಳಿದ್ದು, ಮೂಸಿದ್ದು ಅದಕ್ಕೆ ನೆಂಟ. ಕಾಣದೆ ಉಳಿದದ್ದು ಆಜನ್ಮ ವೈರಿ. ಹಿಂದೆಲ್ಲ ಜನ ಮರಿಯನ್ನು ಎತ್ತಿಕೊಂಡು ಬಸ್‌ಸ್ಟ್ಯಾಂಡು, ಮಾರ್ಕೆಟ್ಟು ಸುತ್ತಿಸುತ್ತಿದ್ದರು, ಕೈತುತ್ತು ಕೊಟ್ಟು, ಕಚ್ಚಿಸಿಕೊಂಡು ಪಳಗಿಸುತ್ತಿದ್ದರು. ತನ್ಮಯ್‌ನ ಪಟ್ಟಿ ಮನುಷ್ಯರಿಗೆ ಕೇಳಿಸದ ಶಬ್ದದ ಅಲೆಗಳನ್ನು ಮಿದುಳಿನ ಅಮಿಗ್ಡಲಾಕ್ಕೆ, ಅಂದರೆ ಭಯ ಹುಟ್ಟಿಸುವ ಬಾದಾಮಿಯಾಕಾರದ ಸಣ್ಣ ಭಾಗಕ್ಕೆ, ಕಳಿಸಿ ಆ ಕೆಲಸವನ್ನೆಲ್ಲ ಒಂದೇ ದಿನದಲ್ಲಿ ಮುಗಿಸುತ್ತಿತ್ತು. ಆಮೇಲೆ ಪಟ್ಟಿ ಬಿಚ್ಚಿದರೂ ಕಲಿತದ್ದು ಹೋಗುತ್ತಿರಲಿಲ್ಲ.

ಇಷ್ಟಾದರೂ ಮೊದಮೊದಲು ಅದನ್ನು ಕೊಳ್ಳುವವರಿರಲಿಲ್ಲ. ಎಲ್ಲರದೂ ಒಂದೇ ತಕರಾರು: ಮರಿ ಊಳಿಡುತ್ತದೆ. ನಾಯಿ ಊಳಿಟ್ಟರೆ ಮನೆಯಲ್ಲಿ ಸಾವು ಎಂಬ ನಂಬಿಕೆ ಲಿಫ್ಟ್ ಹತ್ತಿ ಮೇಲಿನ ಮಹಡಿಗಳಿಗೂ ಬಂದಿತ್ತು. ಶಕುನವೆಂದರೆ ನಗುತ್ತಿದ್ದ ತನ್ಮಯ್ ಗಿರಾಕಿಗಳ ಮುಂದೆ ನಗಲಿಲ್ಲ. ಊಳಿಗೂ ನೋವಿನ ಕುಂಯ್‌ಗುಟ್ಟುವಿಕೆಗೂ ಮಿದುಳಿನಲ್ಲಿ ಹೆಚ್ಚುಕಡಿಮೆ ಒಂದೇ ದಾರಿ. ಎರಡನ್ನೂ ಬೇರ್ಪಡಿಸಲು ವರ್ಷಗಳು ಬೇಕಿದ್ದವು, ಅಷ್ಟು ತಾಳ್ಮೆ ಯಾರಿಗಿತ್ತು? ಅವನು ದಾರಿಯನ್ನೇ ಮುಚ್ಚಿಬಿಟ್ಟ. ಆಮೇಲೆ ಜನ ಮುಗಿಬಿದ್ದು ಕೊಂಡರು. ಚಕ್ಕುಲಿಗೆ ಕಟ್ಟಿದ್ದೂ ಅಂಥದ್ದೇ ಪಟ್ಟಿ.

ಚಕ್ಕುಲಿ ಹೊಲಿಗೆ ಮಷಿನಿನ ಬುಡದಲ್ಲೇ ಬೆಳೆಯಿತು. ಸಿಂಚನ ಅದಕ್ಕೆ ಗಿರಾಕಿಗಳ ಚಾಡಿ ಹೇಳುತ್ತಿದ್ದಳು, ತಾನು ಉಣ್ಣುವಾಗ ಅದಕ್ಕೂ ತುತ್ತಿಡುತ್ತಿದ್ದಳು. ಆ ಮನೆಯಲ್ಲಿ ಒಂದು ಮಾತು ಎಂಬುದು ಹುಟ್ಟಿದ್ದೇ ಮರಿ ಬಂದ ಮೇಲೆ.

ಒಂದು ಮಧ್ಯಾಹ್ನ ಅದು ದಾರದ ಜೊತೆಗೆ ಸೂಜಿಯನ್ನೂ ನುಂಗಿತು. ಅವಳಿಗೆ ತಿಳಿಯಲಿಲ್ಲ. ಅನ್ನ ಬಿಟ್ಟಾಗ ಬಿಸಿಲ ಝಳಕ್ಕಿರಬೇಕು ಅಂದುಕೊಂಡಳು; ಕರೆದರೆ ಬಾಲ ಅಲ್ಲಾಡಿಸುತ್ತಿತ್ತಲ್ಲ. ಮಲಗಿದಲ್ಲಿಂದ ಏಳಲಾರದೆ ಹೋದಾಗ ಎತ್ತಿಕೊಂಡು ಆಸ್ಪತ್ರೆಗೆ ಓಡಿದಳು.

"ಕರುಳೇ ತೂತಾಗಿದೆಯಲ್ಲಮ್ಮ," ಎಂದರು ಪಶುವೈದ್ಯರು. "ಮೊದ್ಲೇ ತಂದಿದ್ರೆ ಉಳೀತಿತ್ತು. ಈ ನೋವಿಗೆ ಇಡೀ ಬೀದಿ ಎದ್ದು ಕೂರೋ ಹಾಗೆ ಕಿರುಚಿರ್ಬೇಕಲ್ಲ, ನಿಮಗೆ ಕೇಳಿಸ್ಲಿಲ್ವಾ?"

ಅವಳ ಅಂಗೈ ಕೆಳಗೆ, ಬಾಲ ಅಲ್ಲಾಡಿಸುತ್ತಲೇ ಚಕ್ಕುಲಿ ಸತ್ತಿತು.

ಸುದ್ದಿ ಕೇಳಿ ತನ್ಮಯ್ ಹಟ ಹಿಡಿದು ವರ್ಷಗಟ್ಟಲೆ ಕೂತು ನೋವಿನ ದಾರಿಯನ್ನು ಊಳಿನ ದಾರಿಯಿಂದ ಬೇರ್ಪಡಿಸಿದ. ಹೊಸ ಪಟ್ಟಿ ಕಟ್ಟಿದ ಮರಿ ಊಳಿಡುತ್ತಿರಲಿಲ್ಲ, ನೋವಾದರೆ ಮಾತ್ರ ಅಳುತ್ತಿತ್ತು. ಇದಕ್ಕಿಂತ ಇನ್ನೇನು ಬೇಕು ಎಂದು ಅವನು ತಿಳಿದಿದ್ದ. ಮಾರುಕಟ್ಟೆಗೆ ಬಿಟ್ಟ ಕೆಲವೇ ತಿಂಗಳಿಗೆ ತಂಗಿಯ ಮನೆಗೆ ಮುಖ ಸಣ್ಣದು ಮಾಡಿಕೊಂಡು ಬಂದ.

"ಹೊಸ ಪಟ್ಟಿನೆಲ್ಲ ವಾಪಸ್ ಕಳಿಸ್ತಿದಾರೆ ಕಣೆ. ಹಳೇದೇ ಬೇಕಂತೆ. ಯಾಕೆ ಅಂತ್ಲೇ ಅರ್ಥ ಆಗ್ತಿಲ್ಲ."

"ಅತ್ರೆ ಎದ್ದು ನೋಡ್ಬೇಕಲ್ಲಣ್ಣ," ಎಂದಳು ಸಿಂಚನ, ಗುಂಡಿ ಹಚ್ಚುತ್ತ.

"ಜನ ಅಷ್ಟು ಕಟುಕರಾ?"

ಅವಳು ಸೂಜಿ ಕೆಳಗಿಟ್ಟಳು. "ಕಟುಕರೇನಲ್ಲ, ನಿನ್ನ ಥರದವರೇ. ನನ್ನ ಮದುವೇಲಿ ಅಮ್ಮ ಹೇಳಿದ್ಳು, ಶುಭಕಾರ್ಯ, ಕಣ್ಣೀರು ಹಾಕ್ಬೇಡ, ಮನೆಗೆ ಒಳ್ಳೇದಲ್ಲ ಅಂತ. ಅವಳಿಗೆ ಅವರಮ್ಮ ಹೇಳಿದ್ರಂತೆ. ನಾನು ಜಾಣೆ, ಬೇಗ ಕಲಿತೆ. ನನ್ನ ಗಂಡ ಕೈ ಮುರಿದಾಗ್ಲೂ ನೀನು ಬಂದಿದ್ದೆ. ಬಚ್ಚಲಲ್ಲಿ ಜಾರಿ ಬಿದ್ದೆ ಅಂತ ನಗ್ತಾ ಕಾಫಿ ಕೊಟ್ಟೆ. ಕುಡಿದು, ಚೆನ್ನಾಗಿದೀಯಲ್ಲ ಬಿಡು ಅಂತ ಹೊರಟ್ಹೋದೆ. ಆವಾಗ ನನ್ನ ಕೊರಳಲ್ಲಿ ಯಾವ ಪಟ್ಟಿ ಇತ್ತಣ್ಣ?"

ಅವಳ ಕೈಗಿದ್ದ ಬ್ಯಾಂಡೇಜು ತನ್ಮಯ್‌ಗೆ ನೆನಪಿತ್ತು. ಜಾರಿ ಬಿದ್ದ ಮಾತನ್ನು ಆ ದಿನವೂ ಅವನು ಪೂರ್ತಿ ನಂಬಿರಲಿಲ್ಲ. ನಂಬಿದರೆ ಅನುಕೂಲವೆಂದು ನಂಬಿದ್ದ.

ಅಷ್ಟರಲ್ಲಿ ಒಳಕೋಣೆಯಲ್ಲಿ, ಅವಳು ಮೊನ್ನೆ ಬೀದಿಯಿಂದ ಎತ್ತಿಕೊಂಡು ಬಂದಿದ್ದ ಮರಿ ಅಳತೊಡಗಿತು. ಪಕ್ಕದ ಫ್ಲಾಟಿನಾಕೆ ಗೋಡೆ ಗುದ್ದಿ, "ರೀ, ಆ ಮರಿಗೊಂದು ಪಟ್ಟಿ ಕಟ್ಟಿಸ್ಬಾರ್ದೇನ್ರೀ?" ಎಂದು ಕೂಗಿದಳು.

ಸಿಂಚನ ಉತ್ತರ ಕೊಡದೆ, ಏನಾಯಿತೆಂದು ನೋಡಲು ಎದ್ದು ಹೋದಳು.