ಊಟದ ಹಲಗೆಯ ಮೇಲೆ ಐವತ್ನಾಲ್ಕು ಸಾವಿರ

ಸಂಜೆ ನಮ್ಮ ಮನೆಗೆ ಬಂದವಳು ಚಪ್ಪಲಿ ಕಳಚುವ ಮೊದಲೇ ವಿಷಯ ಹೇಳಿಬಿಟ್ಟಳು.

"ನಾಳೆ ನಿಮ್ಮ ತಮ್ಮನ ಮೇಲೆ ದೂರು ಬರೆದುಕೊಡು ಅಂತ ನಿರ್ದೇಶಕರು ಹೇಳಿದಾರೆ ಅಮ್ಮಾ. ಕೊಡೋಕೆ ನನಗೆ ಮನಸ್ಸಿಲ್ಲ. ಅವರು ಮಾಡಿಲ್ಲ ಅನ್ನೋಕೂ ನನ್ನ ಹತ್ರ ಏನೂ ಇಲ್ಲ."

"ಮೊದಲು ಕೂತ್ಕೋ ಮಗಾ," ಎಂದರು ಅತ್ತೆ.

ಅತ್ತೆಯ ತಮ್ಮ ಎಂದರೆ ನನ್ನ ಅಪ್ಪ. ಸರ್ಕಾರಿ ಇಲಾಖೆಯೊಂದರ ಸಂಬಳ ವಿಭಾಗದಲ್ಲಿ ಗುಮಾಸ್ತರು. ನಿವೃತ್ತಿಗೆ ಇನ್ನು ಕೆಲವೇ ತಿಂಗಳು. ಈಗ ಅಮಾನತಾದರೆ ಪಿಂಚಣಿಗೇ ಕಲ್ಲು ಬೀಳುತ್ತದೆ. ಬಂದವಳು ಅದೇ ಕಚೇರಿಯಲ್ಲಿ ಎರಡನೇ ದರ್ಜೆಯ ಅಧಿಕಾರಿ. ನೇರ ನೇಮಕಾತಿ ಪರೀಕ್ಷೆ ಬರೆದು, ಮೂವತ್ತು ತುಂಬುವ ಮೊದಲೇ ಆ ಕುರ್ಚಿ ಹಿಡಿದವಳು. ಕಚೇರಿಯಲ್ಲಿ ಎಲ್ಲರೂ ಅವಳನ್ನು ಚಿಕ್ಕ ಮೇಡಂ ಅನ್ನುತ್ತಿದ್ದರು. ಕಾಲೇಜಿನಲ್ಲಿ ಅವಳು ನನಗಿಂತ ಮೇಲಿನ ತರಗತಿಯಲ್ಲಿದ್ದಳು. ಆಗಲೂ ಬಹುಮಾನದ ಹಲಗೆಯಲ್ಲಿ ಅವಳ ಹೆಸರು ಓದಿಕೊಂಡೇ ನಾನು ಗ್ರಂಥಾಲಯದ ಮೆಟ್ಟಿಲು ಹತ್ತಬೇಕಿತ್ತು. ಅತ್ತೆ ಅವಳಿಗೆ ಹಿಡಿಯಿರುವ ಒಳ್ಳೆಯ ಕಪ್ಪಿನಲ್ಲಿ ಚಹಾ ಕೊಟ್ಟರು. ಆ ಕಪ್ಪು ನನಗೆ ಜ್ವರ ಬಂದಾಗಲೂ ಕಪಾಟಿನಿಂದ ಇಳಿಯುವುದಿಲ್ಲ.

ಅತ್ತೆ ಜೀವಮಾನವಿಡೀ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿದ್ದವರು. ಯಾರ ಸೋಪು ಯಾರ ಬಕೆಟ್ಟಿನಲ್ಲಿ ಕರಗಿತು ಎಂದು ನೊರೆ ನೋಡಿಯೇ ಹೇಳುವವರು. ನಿವೃತ್ತಿಯ ನಂತರ ಬೀದಿಯವರ ಒಗಟುಗಳೆಲ್ಲ ನಮ್ಮ ಜಗಲಿಗೇ ಬರುತ್ತಿದ್ದವು. ಬರೆದಿಟ್ಟುಕೊಳ್ಳುವ ಕೆಲಸ ನನ್ನದು.

ನಡೆದದ್ದು ಇಷ್ಟು. ಆ ಬೆಳಿಗ್ಗೆ ಕಚೇರಿಯ ಕ್ಯಾಂಟೀನಿನಲ್ಲಿ, ದಿನದ ಊಟ ಬರೆಯುವ ಕರಿಹಲಗೆಯ ಮೇಲೆ ಯಾರೋ ಸೀಮೆಸುಣ್ಣದಲ್ಲಿ ಬರೆದಿದ್ದರು: 'ಚಿಕ್ಕ ಮೇಡಂ ಸಂಬಳ ಐವತ್ನಾಲ್ಕು ಸಾವಿರ. ಯಾರ ಕೃಪೆ?' ಆ ಇಲಾಖೆಯಲ್ಲಿ ಒಂದೇ ದರ್ಜೆಯವರಿಗೂ ಸೇವೆ, ಪರೀಕ್ಷೆ ಎಂದು ಸಂಬಳ ಬೇರೆಬೇರೆ. ಯಾರದೆಷ್ಟು ಎಂದು ಹೊರಗೆ ಬಿಡಬಾರದು ಎಂಬ ಕಟ್ಟುನಿಟ್ಟು ನಿಯಮ. ಒಬ್ಬೊಬ್ಬರದನ್ನೂ ಬಲ್ಲವರು ಮೂವರು: ನಿರ್ದೇಶಕರು, ಅಪ್ಪ, ಮತ್ತು ಸಿಬ್ಬಂದಿಯ ವಾರ್ಷಿಕ ಕೋಷ್ಟಕ ತಯಾರಿಸುವ ಅಂಕಿಅಂಶದ ಅಧಿಕಾರಿ. ಎಲ್ಲದಕ್ಕೂ ಶೇಕಡಾವಾರು ಹೇಳುವ ಚಟದಿಂದಾಗಿ ಅವರಿಗೆ ಶೇಕಡಾ ಸಾಹೇಬ ಎಂದೇ ಹೆಸರು. ಕೋಷ್ಟಕ ಮಾಡುವವರು ಎಂಥ ಗುಟ್ಟನ್ನೂ ಕಾಯುತ್ತಾರೆ ಎಂಬ ನಂಬಿಕೆಯಿಂದ ನಿರ್ದೇಶಕರ ಕಣ್ಣು ಅಪ್ಪನ ಮೇಲೆ ಬಿದ್ದಿತ್ತು. ತಲೆ ನರೆಯುವವರೆಗೆ ದುಡಿದರೂ ಸಂಬಳದಲ್ಲಿ ಈ ಹುಡುಗಿಗಿಂತ ಕೆಳಗಿರುವ ಮನುಷ್ಯ. ಹೊಟ್ಟೆ ಉರಿಯದೆ ಇರುತ್ತದೆಯೇ ಎಂದರಂತೆ.

"ಬರೆದಿದ್ದ ಮೊತ್ತ ಸರಿಯಾಗಿದೆಯಾ?" ಅತ್ತೆ ಕೇಳಿದರು.

ಅವಳು ನನ್ನ ಕಡೆ ನೋಡಿದಳು. ನಾನು ಪೆನ್ನು ಕೆಳಗಿಟ್ಟೆ.

"ಇಲ್ಲ. ನನಗೆ ಬರೋದು ಐವತ್ತು. ಇದನ್ನ ಯಾರಿಗೂ ಹೇಳಿಲ್ಲ. ಐವತ್ನಾಲ್ಕಲ್ಲ, ಐವತ್ತು ಅಂದ್ರೆ ಇನ್ನೂ ಜಾಸ್ತಿ ನಗ್ತಾರೆ."

ಅಪ್ಪ ಬಂದ ಮೇಲೆ ಅತ್ತೆ ಅವರನ್ನು ಕೂರಿಸಿಕೊಂಡು ಕಚೇರಿಯ ಸಂಬಳದ ಸುದ್ದಿಯನ್ನೆಲ್ಲ ಕೆದಕಿದರು. ಅಪ್ಪನದೊಂದು ಹಳೆಯ ವ್ರತವಿದೆ. ಇನ್‌ಕ್ರಿಮೆಂಟು ಮಂಜೂರಾಗಿದೆ ಎಂದು ಹಿಂದೊಮ್ಮೆ ಒಬ್ಬರಿಗೆ ಬಾಯಿಬಿಟ್ಟಿದ್ದರು. ಆ ಮನುಷ್ಯ ಆ ಖುಷಿಯಲ್ಲೇ ಸ್ಕೂಟರು ಕೊಂಡ, ಆಮೇಲೆ ಆದೇಶ ರದ್ದಾಯಿತು. ಅಂದಿನಿಂದ, ಹಣ ಕೈಗೆ ಬರುವ ತಿಂಗಳವರೆಗೆ ಯಾರಿಗೂ ಚಕಾರ ಎತ್ತುವುದಿಲ್ಲ. ಈಗಲೂ ಅಂಥದೊಂದು ಡ್ರಾಯರಿನಲ್ಲಿದೆ, ನಾಲ್ಕು ಸಾವಿರದ್ದು, ಎಂದರು.

"ಯಾರದ್ದೋ?"

"ಹೇಳೋ ಹಾಗಿಲ್ಲ ಅಕ್ಕ."

"ಒಡಹುಟ್ಟಿದವಳಿಗೂ?"

"ನಿನಗೆ ಹೇಳೋದೂ ಡಂಗುರ ಹೊಡಿಸೋದೂ ಒಂದೇ," ಎಂದು ಅಪ್ಪ ಎದ್ದುಹೋದರು. ರಾತ್ರಿ ಅನ್ನ ಮಾತ್ರ ಹಾಗೇ ತಟ್ಟೆಯಲ್ಲಿ ಉಳಿಸಿದರು.

ಮರುದಿನ ಅತ್ತೆಯ ಜೊತೆ ನಾನೂ ಕಚೇರಿಗೆ ಹೋದೆ. ಮೆಟ್ಟಿಲ ಪಕ್ಕದ ಗೋಡೆಗೆ ಆ ವರ್ಷದ ಕೋಷ್ಟಕ ಅಂಟಿಸಿದ್ದರು. ದರ್ಜೆ, ಗಂಡು, ಹೆಣ್ಣು, ವಯಸ್ಸು ಎಂದು ಬಿಡಿಸಿ, ಪ್ರತಿ ಚೌಕದಲ್ಲೂ ಎಷ್ಟು ಜನ, ಸರಾಸರಿ ಸಂಬಳ ಎಷ್ಟು ಎಂದು ತೋರಿಸಿದ್ದರು. ಶೇಕಡಾ ಸಾಹೇಬರು ಹೆತ್ತ ಮಗುವನ್ನು ತೋರಿಸುವಂತೆ ವಿವರಿಸಿದರು. ಒಂಟಿ ಚೌಕ ಬಿಡಬಾರದಂತೆ. ಒಬ್ಬರೇ ಇದ್ದರೆ ಸರಾಸರಿಯೇ ಅವರ ಸಂಬಳವಾಗಿಬಿಡುತ್ತದೆ. ಅದಕ್ಕೇ ಪಕ್ಕದ ಚೌಕಕ್ಕೆ ಸೇರಿಸಿ ಗುಟ್ಟು ಮುಚ್ಚುತ್ತಾರೆ. ಈ ಸಲ ಎರಡನೇ ದರ್ಜೆಯಲ್ಲಿ ಮೂವತ್ತರೊಳಗಿನ ಹೆಂಗಸು ಒಬ್ಬಳೇ. ಹಾಗಾಗಿ ನಲವತ್ತರವರೆಗಿನ ಚೌಕದ ಜೊತೆ ಕೂಡಿಸಿದ್ದರು. ನಾನು ಬೆರಳಿಟ್ಟು ಓದಿದೆ: ಹೆಂಗಸರು, ಎರಡು. ಸರಾಸರಿ, ಐವತ್ತು ಸಾವಿರ.

"ಇದು ಕೈಗೆ ಬರೋ ಸಂಬಳವೋ, ಮಂಜೂರಾದದ್ದೋ?" ಅತ್ತೆ ಕೇಳಿದರು.

ಮಂಜೂರಾದದ್ದೇ ಎಂದರು ಅವರು. ಪಕ್ಕದಲ್ಲೇ ಹಾದುಹೋದ ಚಿಕ್ಕ ಮೇಡಂ ಕಡೆ ನೋಡಿ ದನಿ ತಗ್ಗಿಸಿ, ಅದೇ ಪರೀಕ್ಷೆಯಲ್ಲಿ ತಾವು ಕೂದಲೆಳೆಯ ಅಂತರದಲ್ಲಿ ಫೇಲಾದದ್ದನ್ನೂ, ಶೇಕಡಾವಾರು ಎಷ್ಟೆಂಬುದನ್ನೂ ಹೇಳಿದರು. ಕಹಿ ಇನ್ನೂ ನಾಲಗೆಯ ಮೇಲೇ ಇತ್ತು. ಇವರೇ ಇರಬೇಕು ಎಂದುಕೊಂಡೆ.

ಅಲ್ಲಿಂದ ಉಗ್ರಾಣಕ್ಕೆ ಹೋದೆವು. ಉಗ್ರಾಣದ ಅಧಿಕಾರಿಯನ್ನು ಎಲ್ಲರೂ ಉಗ್ರಾಣದಕ್ಕ ಎನ್ನುತ್ತಿದ್ದರು. ಕಾಗದದ ರಿಮ್ಮುಗಳ ನಡುವೆ ನಮಗೆ ಜಾಗ ಮಾಡಿಕೊಟ್ಟು, ಬೇಡವೆಂದರೂ ಬಿಸ್ಕತ್ತು ತರಿಸಿದರು. ಕೆಳದರ್ಜೆಯ ಗುಮಾಸ್ತೆಯಾಗಿ ಸೇರಿ, ಒಂದೊಂದೇ ಮೆಟ್ಟಿಲು ಹತ್ತಿ ನಲವತ್ತರ ಹೊಸ್ತಿಲಲ್ಲಿ ಎರಡನೇ ದರ್ಜೆಗೆ ಬಂದವರು; ನಲವತ್ತು ಇನ್ನೂ ತುಂಬಿರಲಿಲ್ಲ. ಬರೆದವರ ಕೈ ಸೇದಿಹೋಗಲಿ ಎಂದು ಶಪಿಸಿದರು. ಹುಡುಗಿ ಅತ್ತಾಗ ಕಣ್ಣೊರೆಸಿದ್ದೂ ತಾನೇ ಅಂದರು. ಆಮೇಲೆ ನನ್ನ ಕಡೆ ತಿರುಗಿದರು.

"ನೀನೂ ಪರೀಕ್ಷೆ ಬರಿಯಮ್ಮ. ಮನೇಲಿ ಹಾಸಿಗೆ ಹಿಡಿದ ಅತ್ತೆ, ಮಕ್ಕಳು ಯಾರೂ ಇಲ್ದಿದ್ರೆ ಯಾರು ಬೇಕಾದ್ರೂ ಪಾಸಾಗ್ತಾರೆ. ನನ್ನ ನೋಡು, ಅತ್ತೆಯ ಸೇವೆಗೆ ಅಂತ ರಜೆ ಹಾಕಿದೆ, ಇನ್‌ಕ್ರಿಮೆಂಟೇ ನಿಂತುಹೋಯ್ತು. ನಲವತ್ತಾರು ಸಾವಿರದಲ್ಲೇ ಕೊಳೀತಿದೀನಿ."

ನನ್ನ ಅತ್ತೆ ಇನ್ನೊಂದು ಬಿಸ್ಕತ್ತು ತೆಗೆದುಕೊಂಡರು. ಸಿಹಿ ತಿನ್ನಬಾರದ ಅವರು ಹಾಗೆ ಕೈಚಾಚಿದರೆ ಒಗಟು ಬಿಡಿಸಿಯಾಯಿತು ಎಂದೇ ಅರ್ಥ.

ಮಧ್ಯಾಹ್ನ ನಿರ್ದೇಶಕರ ಕೋಣೆಯಲ್ಲಿ ಎಲ್ಲರೂ ಸೇರಿದರು. ಮೇಜಿನ ಮೇಲೆ ಅಪ್ಪನ ಅಮಾನತಿನ ಆದೇಶ ಸಹಿಗೆ ಸಿದ್ಧವಿತ್ತು. ಅಪ್ಪ ಬಾಗಿಲ ಹತ್ತಿರವೇ ನಿಂತಿದ್ದರು. ಕೂರಲು ಯಾರೂ ಹೇಳಿರಲಿಲ್ಲ. ಅತ್ತೆ ಮೊದಲೇ ಒಳಗೆ ಹೋಗಿ ನಿರ್ದೇಶಕರ ಕಿವಿಯಲ್ಲಿ ಏನೋ ಕೇಳಿ ಒಪ್ಪಿಸಿಕೊಂಡಿದ್ದರು. ಅವರ ಅಪ್ಪಣೆಯಂತೆ ಅಪ್ಪ ಒಲ್ಲದ ಮನಸ್ಸಿನಿಂದ ಒಂದು ಕಾಗದವನ್ನು ಉಗ್ರಾಣದಕ್ಕನ ಕೈಗೆ ಕೊಟ್ಟರು. ನಿಂತಿದ್ದ ಇನ್‌ಕ್ರಿಮೆಂಟಿನ ಆದೇಶ. ಕೋಷ್ಟಕ ತಯಾರಾಗುವ ಮೊದಲೇ ಮಂಜೂರಾಗಿತ್ತು. ಉಗ್ರಾಣದಕ್ಕನ ಸಂಬಳ ಈಗ ಐವತ್ತು ಸಾವಿರ.

ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ಮುಖ ಬಿಳುಚಿಕೊಂಡಿತು. ತುಟಿ ಲೆಕ್ಕ ಹಾಕುವಂತೆ ಅಲುಗಿತು.

"ಹಾಗಾದ್ರೆ, ಅವಳದ್ದೂ ಐವತ್ತೇನಾ?"

"ಹಲಗೆ ಮೇಲೆ ಐವತ್ನಾಲ್ಕು ಅಂತ ಇತ್ತು," ಎಂದರು ಅತ್ತೆ ಮೆಲ್ಲಗೆ. "ಐವತ್ತು ಅಂತ ನಿಮಗೆ ಯಾರು ಹೇಳಿದ್ರು?"

ಅತ್ತೆ ಎಲ್ಲರಿಗೂ ಬಿಡಿಸಿ ಹೇಳಿದರು. ಅಪ್ಪನಿಗೂ ಶೇಕಡಾ ಸಾಹೇಬರಿಗೂ ನಿಜವಾದ ಮೊತ್ತ ಗೊತ್ತಿತ್ತು. ಐವತ್ತೇ ಕಚೇರಿಗೆ ಬೆಂಕಿ ಹಚ್ಚಲು ಸಾಕಾಗಿರುವಾಗ ಅವರು ಸುಳ್ಳು ಬರೆಯಬೇಕಿರಲಿಲ್ಲ. ಬರೆದವರು ಮೊತ್ತವನ್ನು ಕದ್ದು ನೋಡಿದವರಲ್ಲ, ಲೆಕ್ಕ ಹಾಕಿ ತೆಗೆದವರು. ಲೆಕ್ಕದೊಳಗೆ ಒಂದು ಸಂಖ್ಯೆ ತಪ್ಪಿತ್ತು. ಶೇಕಡಾ ಸಾಹೇಬರು ಒಂಟಿ ಚೌಕ ಮುಚ್ಚಿ ನೆಮ್ಮದಿಯಾಗಿದ್ದರು. ಆದರೆ ಜೋಡಿ ಚೌಕದಲ್ಲಿ ಒಬ್ಬರ ಗುಟ್ಟು ಇನ್ನೊಬ್ಬರ ಕೈಯಲ್ಲೇ ಇರುತ್ತದೆ. ಇಬ್ಬರದೂ ಸೇರಿ ಒಂದು ಲಕ್ಷ, ಎಂದರೆ ನೂರು ಸಾವಿರ. ಅದರಲ್ಲಿ ತನ್ನದೆಂದು ತಿಳಿದ ನಲವತ್ತಾರು ಕಳೆದರೆ ಉಳಿಯುವುದು ಐವತ್ನಾಲ್ಕು. ಕೋಷ್ಟಕ ಮಾತ್ರ ಮಂಜೂರಾದ ಐವತ್ತನ್ನೇ ಹಿಡಿದಿತ್ತು.

"ನಲವತ್ತಾರು ಅಂತ ಇವರು ಬಂದೋರಿಗೆಲ್ಲ ಹೇಳ್ಕೋತಾರೆ, ಬೇರೆಯವರೂ ಕಳೆದಿರಬಹುದಿತ್ತು," ಎಂದರು ಅತ್ತೆ. "ಅದಕ್ಕೇ ಆದೇಶ ಇಲ್ಲೇ ಕೊಡಿಸಿದ್ದು. ತನ್ನ ಸಂಬಳ ಏರಿದ ಕೂಡಲೇ ಇನ್ನೊಬ್ಬಳದು ಇಳೀತು ಅಂತ ಹೊಳೆಯೋದು ಮೊದಲೇ ಆ ಲೆಕ್ಕ ಮಾಡಿದವರಿಗೆ ಮಾತ್ರ. ಅವಳದರಲ್ಲಿ ಹೆಚ್ಚು ಕಂಡಿತಲ್ಲ, ಆ ನಾಲ್ಕು ಸಾವಿರ ನಿಮ್ಮದೇ, ತಾಯಿ."

ಶೇಕಡಾ ಸಾಹೇಬರು ಜೀವಮಾನದಲ್ಲಿ ಮೊದಲ ಬಾರಿಗೆ ಯಾವ ಅಂಕಿಯನ್ನೂ ಹೇಳದೆ ನೆಲ ನೋಡಿದರು. ನಿರ್ದೇಶಕರು ಅಪ್ಪನ ಅಮಾನತಿನ ಆದೇಶವನ್ನು ಎರಡಾಗಿ ಹರಿದರು. ಉಗ್ರಾಣದಕ್ಕ ಕ್ಷಮೆ ಕೇಳುತ್ತಾರೆಂದು ನಾವೆಲ್ಲ ಕಾದೆವು.

"ಸಮ ಅಂದ್ರೆ ಉರಿ ಆರುತ್ತೆ ಅಂದ್ಕೊಂಡ್ರಾ?" ಎಂದರು ಅವರು. "ನಾನು ಸವೆದು ಸವೆದು ಮುಟ್ಟಿದ ಕಡೆ ಅವಳು ಮೊದಲನೇ ದಿನವೇ ಬಂದು ಕೂತಿದಾಳೆ. ಅದಕ್ಕಿಂತ ಐವತ್ನಾಲ್ಕೇ ವಾಸಿ ಇತ್ತು. ಕೃಪೆ ಅಂತ ಬೈಕೊಂಡಾದರೂ ನಿದ್ದೆ ಮಾಡ್ತಿದ್ದೆ."

ಚಿಕ್ಕ ಮೇಡಂ ತಾನು ದೂರು ಕೊಡುವುದಿಲ್ಲ ಎಂದಳು.

"ಹೂಂ, ಅದೂ ನಿನ್ನ ದೊಡ್ಡಸ್ತಿಕೆಗೇ ಸೇರಲಿ," ಎಂದರು ಉಗ್ರಾಣದಕ್ಕ.

ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು. ಅತ್ತೆ ಚಿಕ್ಕ ಮೇಡಂ ಬೆನ್ನು ಸವರುತ್ತಿದ್ದುದನ್ನು ನೋಡುತ್ತಾ ನಿಂತಿದ್ದ ನನಗೆ ಅದು ಪೂರ್ತಿ ಬರಲಿಲ್ಲ.

ಅಪ್ಪ ಮಾತ್ರ ಶಾಯಿಯ ಪೆನ್ನು ಹಿಡಿದು ಉಗ್ರಾಣದಕ್ಕನ ಮುಂದೆ ನಿಂತರು. ಆದೇಶ ತಲುಪಿದ್ದಕ್ಕೆ ಸಹಿ ಹಾಕದಿದ್ದರೆ ಈ ತಿಂಗಳೂ ಹಣ ಬರುವುದಿಲ್ಲ ಎಂದು ತಿಳಿಸಿ, ಎಲ್ಲಿ ಎಂದು ತೋರಿಸಿದರು. ಅವರು ತಲೆ ಎತ್ತದೆ ಸಹಿ ಹಾಕಿದರು. ಅಪ್ಪ ಕಾಗದ ತಿರುವಿ ಹಿಂಬದಿಯಲ್ಲೂ ಹಾಕಿಸಿದರು.

ಮನೆಗೆ ನಡೆದು ಬರುವಾಗ ನಾನು ಕೇಳಿದೆ, ಪಿಂಚಣಿಗೇ ಕುತ್ತು ತಂದವರ ಮೇಲೆ ಸ್ವಲ್ಪವೂ ಕೋಪ ಬರಲಿಲ್ಲವೇ ಎಂದು.

"ಬರದೆ ಏನು?" ಎಂದರು ಅಪ್ಪ. "ಒಂದು ಸಹಿ ಸಾಕಾಗಿತ್ತು."