ಉಪ್ಪಿನ ಭರಣಿಯ ಜಾಗ

ಪ್ರಫುಲ್ಲಾ ಮಾಡಿಟ್ಟ ಸಾರನ್ನು ಅತ್ತೆ ಭಾಗೀರಥಮ್ಮ ನೆಂಟರ ಕಣ್ಣೆದುರೇ ಸಿಂಕಿಗೆ ಸುರಿದುಬಿಟ್ಟರು. ಸುರಿದು, ಪಾತ್ರೆ ಕವುಚಿ ಹಾಕಿ, ಸೆರಗಿನಿಂದ ಮೂಗು ಮುಚ್ಚಿಕೊಂಡು, "ಇಲಿ ಮುಟ್ಟಿದ ಕೈ ಅದು. ಮನೆಗೆ ಬಂದವರಿಗೆ ಅದನ್ನು ಬಡಿಸುದಾ?" ಎಂದರು. ನೆಂಟರು ತಮ್ಮ ತಮ್ಮ ತಟ್ಟೆ ನೋಡಿಕೊಂಡರು. ಗಂಡ ಕುಶಲ ಏನೂ ಆಗದವನ ಹಾಗೆ ಹಪ್ಪಳ ಮುರಿಯುತ್ತಿದ್ದ...

ಡೊಂಬಿವಲಿಯ ಆ ಫ್ಲ್ಯಾಟಿಗೆ ಇದು ಹೊಸದೇನಲ್ಲ. ಪ್ರಫುಲ್ಲಾಳ ಕೆಲಸವೇ ಅಂಥದ್ದು. ನವಿ ಮುಂಬಯಿಯ ಔಷಧ ಕಂಪೆನಿಯೊಂದರ ಪ್ರಯೋಗಾಲಯದಲ್ಲಿ ಮುದಿ ಇಲಿಗಳ ನೆನಪನ್ನು ಪರೀಕ್ಷಿಸುವುದು. ದೊಡ್ಡ ತೊಟ್ಟಿಯ ನೀರಿಗೆ ಹಾಲಿನ ಪುಡಿ ಕದಡಿ ಬೆಳ್ಳಗೆ ಮಾಡುತ್ತಾರೆ. ಒಳಗೆಲ್ಲೋ ಒಂದು ಕಡೆ, ಕಣ್ಣಿಗೆ ಕಾಣದ ಹಾಗೆ, ಕಾಲೂರಲು ಒಂದು ಪುಟ್ಟ ಮಣೆ. ನೀರಿಗೆ ಬಿಟ್ಟ ಇಲಿ ಒದ್ದಾಡಿ, ಈಜಿ, ಆ ಮಣೆಯನ್ನು ಹುಡುಕಿಕೊಳ್ಳಬೇಕು. ಗೋಡೆಯ ಮೇಲಿನ ಚಿತ್ರಗಳ ಗುರುತು ಹಿಡಿದು ಮರುದಿನ ನೇರ ಅಲ್ಲಿಗೇ ಹೋಗುತ್ತದೆ. ಕಲಿತಿತು ಅನ್ನುವಾಗ ಇವರು ಮಣೆಯ ಜಾಗ ಬದಲಿಸುತ್ತಾರೆ. ಎಳೆಯವು ಹೊಸ ಜಾಗವನ್ನು ಬೇಗ ಕಲಿಯುತ್ತವೆ. ಮುದಿ ಇಲಿ ಮಾತ್ರ ಹಳೆಯ ಜಾಗದಲ್ಲೇ ಸುತ್ತುತ್ತದೆ, ಸುತ್ತುತ್ತಲೇ ಇರುತ್ತದೆ...

ಸಂಜೆ ಲೋಕಲ್ ರೈಲು ಇಳಿದು ಬರುವಾಗ ಅವಳ ಕೂದಲಿನಲ್ಲಿ ಇಲಿಯುಚ್ಚೆಯ ಘಾಟು, ಹಳಸಿದ ಹಾಲಿನ ವಾಸನೆ. ಗಾಡಿಯ ಬೆವರೂ ಅದನ್ನು ಮುಚ್ಚದು. ಬಾಗಿಲಿನಿಂದ ನೇರ ಬಚ್ಚಲಿಗೆ ಹೋಗಬೇಕು, ಬಟ್ಟೆಗೆ ಬೇರೆಯೇ ಬಕೆಟ್ಟು, ಸ್ನಾನವಾದ ಮೇಲೂ ಕುಡಿಯುವ ನೀರಿನ ಕೊಡ ಮುಟ್ಟುವಂತಿಲ್ಲ. ಭಾಗೀರಥಮ್ಮನ ಮಡಿ ಹಾಗೆ. ಹೆತ್ತ ಮಗ ಕಚ್ಚಿದ ಹಣ್ಣನ್ನೂ ಎಂಜಲೆಂದು ದೂರವಿಟ್ಟವರು ಅವರು. ಸೊಸೆಯ ಸಂಬಳ ಮಾತ್ರ ಆ ಮನೆಯಲ್ಲಿ ಯಾರಿಗೂ ನಾರಲಿಲ್ಲ, ನೋಡಿ.

ಅಡುಗೆಮನೆ ಅತ್ತೆಯದೇ ಆಗಿತ್ತು. ಈಚೆಗೆ ಅವರು ಗ್ಯಾಸ್ ಉರಿಯುತ್ತಿದ್ದಂತೆಯೇ ಬಿಟ್ಟು ಬಂದದ್ದು, ಮಾರ್ಕೆಟ್ಟಿನಿಂದ ಮನೆಯ ದಾರಿ ತಪ್ಪಿ ಸ್ಟೇಷನ್ ಸೇತುವೆಯ ಮೇಲೆ ಅಳುತ್ತ ನಿಂತದ್ದು, ಎಲ್ಲ ಆದ ಮೇಲೆ ರಜೆಯ ದಿನ ಪ್ರಫುಲ್ಲಾಳೇ ಸೌಟು ಹಿಡಿದಿದ್ದಳು. ಆ ಸಾರು ಚರಂಡಿ ಸೇರಿತು.

ಮರುದಿನ, ಅತ್ತೆ ಮತ್ತೆ ಒಲೆಯ ಮುಂದೆ ಬರುವ ಮೊದಲು, ಅವಳು ಉಪ್ಪಿನ ಭರಣಿಯನ್ನು ಒಲೆಯ ಪಕ್ಕದಿಂದ ತೆಗೆದು ಎದುರು ಶೆಲ್ಫಿನಲ್ಲಿ, ಅವಲಕ್ಕಿ ಡಬ್ಬಿಯ ಹಿಂದೆ ಇಟ್ಟಳು. ಯಾಕೆ? ಕೇಳಿದ್ದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ. ಹೊಸಿಲಿನ ಆಚೆ, ತಲೆ ಒರೆಸಿಕೊಳ್ಳುವ ನೆವದಲ್ಲಿ ನಿಂತು ನೋಡಿದಳು. ಮುದುಕಿಯ ಕೈ ಖಾಲಿ ಜಾಗವನ್ನು ತಡವಿತು. ಮತ್ತೆ ತಡವಿತು. ಪ್ರಫುಲ್ಲಾಳ ಎದೆಯಲ್ಲಿ ಏನೋ ತಣ್ಣಗಾಯಿತು... ಆ ತಂಪು ಎಷ್ಟು ಹಿತವಾಗಿತ್ತೆಂದರೆ ದಿನವೂ ನೋಡುವ ಚಟವೇ ಹತ್ತಿತು. ಅತ್ತೆ ಯಾರನ್ನೂ ಏನೂ ಕೇಳಲಿಲ್ಲ. ಕಚೇರಿಗೆ ಹೊರಡುವ ಗಡಿಬಿಡಿಯಲ್ಲಿ ಪ್ರಫುಲ್ಲಾ ಕಡೆಕಡೆಗೆ ಪೂರ್ತಿ ನೋಡಲೂ ಇಲ್ಲ.

ಶನಿವಾರ ಥಾಣೆಯಲ್ಲಿರುವ ಕುಶಲನ ಅಣ್ಣ ಜಯಂತನ ಫೋನು ಬಂತು. ಶಹಾಡ್ ಕಡೆ ಒಂದು ವೃದ್ಧಾಶ್ರಮ ನೋಡಿಟ್ಟಿದ್ದಾನಂತೆ. ನಾಳೆ ಬಂದು ಅಮ್ಮನ ಕೈಲಿ ಒಂದು ಗಂಜಿ, ಒಂದು ಚಟ್ನಿ ಮಾಡಿಸುವುದು. ಒಬ್ಬರೇ ಮಾಡಿದರೆ ಮನೆಯಲ್ಲೇ ಇರಲಿ, ಆಗದಿದ್ದರೆ ಅದೇ ಕಾರಿನಲ್ಲಿ ಕರೆದೊಯ್ಯುವುದು. ಪ್ರಫುಲ್ಲಾಳೇ ನೋಡಿ ಹೇಳಲಿ, ಅವಳಿಗೆ ಇದರಲ್ಲಿ ಅಭ್ಯಾಸ ಉಂಟಲ್ಲ ಎಂದನಂತೆ. ಕುಶಲ ಹೂಂ ಎಂದು, ಫೋನಿಟ್ಟ ಕೂಡಲೇ ಅಮ್ಮನ ಬಟ್ಟೆಗೆಂದು ಅಟ್ಟದಿಂದ ಬ್ಯಾಗು ಇಳಿಸಿದ. ಪರೀಕ್ಷೆಗೆ ಮೊದಲೇ!

ಆ ಬ್ಯಾಗು ಕಂಡದ್ದೇ ಪ್ರಫುಲ್ಲಾಳಿಗೆ ಹೇಸಿಗೆ ಹುಟ್ಟಿತು. ಗಂಡನ ಮೇಲೆ, ತನ್ನ ಮೇಲೆ ಇನ್ನೂ ಹೆಚ್ಚು. ಭಾನುವಾರ ಬೆಳಿಗ್ಗೆ ಅತ್ತೆ ತುಳಸಿಗೆ ನೀರು ಹಾಕುವ ಹೊತ್ತಿನಲ್ಲಿ ಭರಣಿಯನ್ನು ಮೊದಲಿನ ಜಾಗಕ್ಕೇ ತಂದಿಟ್ಟಳು. ವಯಸ್ಸಾದ ಜೀವ ಹಳೆಯ ಜಾಗ ಬಿಡದು, ಕೈ ತಾನಾಗಿ ಅಲ್ಲಿಗೇ ಹೋದೀತು ಎಂಬ ಧೈರ್ಯ.

ಜಯಂತ ಬಂದವನು ಕುರ್ಚಿಯನ್ನು ಅಡುಗೆಮನೆಯ ಬಾಗಿಲಿಗೇ ಎಳೆದುಕೊಂಡು ಕೂತ, ಕೈಯಲ್ಲಿ ಮೊಬೈಲು. ಭಾಗೀರಥಮ್ಮ ಗ್ಯಾಸ್ ಹೊತ್ತಿಸಿದರು, ಅಕ್ಕಿ ತೊಳೆದರು, ಕಾಯಿ ತುರಿದರು. ಮಿಕ್ಸಿ ತಿರುಗಿ ನಿಂತಿತು. ಇನ್ನು ಉಪ್ಪು. ಅವರು ಒಲೆಯ ಪಕ್ಕ ನೋಡಲೇ ಇಲ್ಲ. ಎದುರು ಶೆಲ್ಫಿಗೆ ನಡೆದು, ಅವಲಕ್ಕಿ ಡಬ್ಬಿ ಸರಿಸಿ, ಹಿಂದೆ ಕೈ ಹಾಕಿದರು.

ಖಾಲಿ.

ಆ ಕೈ ಅಲ್ಲೇ ನಿಂತಿತು. ಆಮೇಲೆ ಒಂದೊಂದೇ ಡಬ್ಬಿಯ ಮುಚ್ಚಳ ತೆಗೆಯತೊಡಗಿದರು, ಕೈತಪ್ಪಿ ಹುಣಸೆಹಣ್ಣು ನೆಲಕ್ಕೆ ಬಿತ್ತು. ಜಯಂತ ಮೊಬೈಲು ಜೇಬಿಗಿಟ್ಟ. ಉಪ್ಪು ಕಣ್ಣೆದುರಿಗೇ ಉಂಟು, ಕಾಣುವುದಿಲ್ಲ, ಆಯಿತಲ್ಲ ಎಂದು ಎದ್ದ. ಕುಶಲ ಬ್ಯಾಗಿನ ಕಡೆ ಹೊರಟ.

ಈಗ ಪ್ರಫುಲ್ಲಾ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ನಾಳೆಯಿಂದ ಬೇರೆ ಬಕೆಟ್ಟಿಲ್ಲ, ಮೂಗು ಮುಚ್ಚುವವರಿಲ್ಲ...

"ಭಾವ, ಕೂತುಕೊಳ್ಳಿ," ಪ್ರಫುಲ್ಲಾ ಅಂದಳು. "ಅತ್ತೆ ಮರೆತದ್ದಲ್ಲ, ಕಲಿತದ್ದು. ವಾರದಿಂದ ಉಪ್ಪು ಅಲ್ಲೇ ಇದ್ದದ್ದು. ಇಟ್ಟವಳು ನಾನು. ಇವತ್ತು ಬೆಳಿಗ್ಗೆ ವಾಪಸ್ ತಂದಿಟ್ಟವಳೂ ನಾನೇ."

ಯಾಕೆ ಎಂದು ಯಾರೂ ಕೇಳಬೇಕಾಗಲಿಲ್ಲ. ಜಯಂತ ನಕ್ಕ. "ಇಲಿ ಸಾಲಲಿಲ್ಲವಾ ನಿಂಗೆ?"

ಕುಶಲ ಅವಳನ್ನು ನೋಡಿದ ರೀತಿ ಹೇಗಿತ್ತೆಂದರೆ, ತಟ್ಟೆಯಲ್ಲಿ ಹುಳ ಕಂಡವನ ಹಾಗೆ. ಅಮ್ಮನ ಸೀರೆ ಮಡಚಿಟ್ಟ ಕೈ ಅವನದು. ಅದರ ನಾಚಿಕೆ ಅವನ ಮುಖದಲ್ಲಿ ಎಲ್ಲೂ ಇರಲಿಲ್ಲ.

ಭಾಗೀರಥಮ್ಮ ನೆಲದ ಮೇಲೆ ಕೂತುಬಿಟ್ಟರು. "ತಲೆ ಹೋಯಿತು ಅಂತ ಎಣಿಸಿದೆ," ಎಂದರು ಮೆಲ್ಲಗೆ. "ಉಪ್ಪು ಎಲ್ಲಿ ಅಂತ ಕೇಳಿದ್ರೆ ನೀವು ನನ್ನನ್ನು ಹುಚ್ಚಿ ಮಾಡ್ತೀರಿ ಅಂತ ಹೆದರಿ ಒಬ್ಬಳೇ ಹುಡುಕಿದೆ. ಅವಲಕ್ಕಿ ಹಿಂದೆ, ಅವಲಕ್ಕಿ ಹಿಂದೆ ಅಂತ ಮಲಗುವಾಗ ಬಾಯಿಪಾಠ ಮಾಡಿದೆ... ಮಕ್ಕಳು ಮಗ್ಗಿ ಹೇಳಿದ ಹಾಗೆ."

ಪ್ರಫುಲ್ಲಾ ಕಾಲು ಹಿಡಿಯಲು ಬಗ್ಗಿದಳು. ಅವರು ಕಾಲು ಹಿಂದೆ ಎಳೆದುಕೊಂಡರು.

ಇಂಥವಳ ಜೊತೆ ಇರುವುದಕ್ಕಿಂತ ಆಶ್ರಮವೇ ವಾಸಿ ಎಂದು ಜಯಂತ ಪುಸಲಾಯಿಸಿದ. ಮುದುಕಿ ತಲೆಯಲ್ಲಾಡಿಸಿದರು. "ಅಲ್ಲಿ ಯಾರು ಎಂತ ಅಡಗಿಸಿಡ್ತಾರೆ ಅಂತ ನಂಗೆ ಗೊತ್ತಿಲ್ಲ. ಇಲ್ಲಿ ಯಾರು ಅಂತಾದ್ರೂ ಗೊತ್ತುಂಟು."

ಹಾಗಾದರೆ ಹಗಲು ಇವರನ್ನು ನೋಡಿಕೊಳ್ಳುವವರು ಯಾರು? ಒಬ್ಬ ಮಗ ಕಿಟಕಿ ನೋಡಿದ, ಇನ್ನೊಬ್ಬ ಕಾರಿನ ಕೀಲಿ ಹುಡುಕಿದ. ಪ್ರಫುಲ್ಲಾ ಕೆಲಸ ಬಿಟ್ಟಳು.

ಮನೆಯಲ್ಲಿ ಕೂತ ಮೇಲೆ ಕೂದಲಿನ ಘಾಟು ಹೋಯಿತು, ಬೇರೆ ಬಕೆಟ್ಟೂ ಹೋಯಿತು. ನಂಬಿಕೆ ಬರಲಿಲ್ಲ. ಮೊದಲ ದಿನ ಅವಳು ಬಡಿಸಿದ ತಟ್ಟೆಯನ್ನು ಭಾಗೀರಥಮ್ಮ ಬಹಳ ಹೊತ್ತು ನೋಡುತ್ತ ಕೂತರು. ಆಮೇಲೆ ಅದನ್ನು ಸೊಸೆಯ ಕಡೆಗೆ ತಳ್ಳಿ, "ಮೊದಲು ನೀನು ತಿನ್ನು, ನಾನು ನೋಡ್ತೇನೆ," ಎಂದರು.

ಪ್ರಫುಲ್ಲಾ ಅತ್ತೆಯ ತಟ್ಟೆಯಿಂದ ಒಂದು ತುತ್ತು ಕಲಸಿ, ತಿಂದು, ನುಂಗಿ, ಬಾಯಿ ತೆರೆದು ತೋರಿಸಿದಳು. ಭಾಗೀರಥಮ್ಮ ತಟ್ಟೆಯನ್ನು ಹಿಂದಕ್ಕೆಳೆದುಕೊಂಡರು. ಅವರು ಮುಖ ಕಿವುಚಿದರು... ಕಣ್ಣು ಮುಚ್ಚಿಕೊಂಡು ಆ ಎಂಜಲನ್ನೇ ಉಂಡರು. ಈಗ ದಿನವೂ ಹಾಗೆಯೇ.