೧೪೭ನೇ ಕಾರ್ಡು

೧೯೭೨ರ ಮಾರ್ಚ್ ಒಂಬತ್ತು, ಗುರುವಾರ. ಮಧ್ಯಾಹ್ನ ಹನ್ನೆರಡೂವರೆಗೆ ಠಾಣೆಯ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಮುನ್ನೂರ ಹದಿಮೂರು ಕಾರ್ಡು ಕಳುವಾಗಿದೆ ಸಾರ್."

"ರೇಷನ್ ಕಾರ್ಡಾ?" ಹೆಡ್ ಕಾನ್‌ಸ್ಟೇಬಲ್ ಮುನಿಶಾಮಿ ಗಾಬರಿಯಿಂದ ಎದ್ದು ನಿಂತ.

"ಅಲ್ಲ ರೀ, ನನ್ನ ಪಿಎಚ್‌ಡಿ ಸಂಶೋಧನೇದು. ನಾಲ್ಕು ವರ್ಷದ ಕೆಲಸ."

ಆಕೆಯ ಹೆಸರು ವೇದಾ. ಕುಕ್ ಟೌನಿನ ಬಂಗಲೆಯೊಂದರ ಔಟ್‌ಹೌಸಿನಲ್ಲಿ ಬಾಡಿಗೆಗಿದ್ದಳು. ಜೋಗುಪಾಳ್ಯದ ಬಾವಿಗಳ ನೀರಿಗೂ ಅಲ್ಲಿನ ಮನೆಗಳ ಕಾಯಿಲೆಗೂ ಏನು ಸಂಬಂಧ ಎಂಬುದು ಅವಳ ವಿಷಯ. ಬಾವಿಗಳ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಮನೆಮನೆಗೂ ಹೋಗಿ ವಿಚಾರಿಸಿ, ಮನೆಗೊಂದರಂತೆ ಕಾರ್ಡು ಬರೆದಿದ್ದಳು. ಸೋಮವಾರ ಬೆಳಗ್ಗೆ ಹತ್ತಕ್ಕೆ ಪರೀಕ್ಷಕರು ಬರುತ್ತಾರೆ. ಅಂಕಿಗಳನ್ನು ಕೂತಲ್ಲೇ ಹೊಸೆದಿದ್ದಾಳೆ ಎಂಬ ಗುಸುಗುಸು ಆಗಲೇ ಎದ್ದಿತ್ತು. ಮೂಲ ಕಾರ್ಡು ತೋರಿಸದಿದ್ದರೆ ಪ್ರಬಂಧ ತಿರಸ್ಕಾರವಾಗುವುದು ಖಂಡಿತ.

ಇನ್ಸ್‌ಪೆಕ್ಟರ್ ಕೃಷ್ಣಸ್ವಾಮಿ ರಸಾಯನಶಾಸ್ತ್ರದ ಪದವೀಧರ. ಹದಿನಾಲ್ಕು ವರ್ಷ ಸೈಕಲ್ ಕಳವು, ಕುಡುಕರ ಹೊಡೆದಾಟ ಬರೆದೂ ಬರೆದೂ ಬೇಸತ್ತಿದ್ದ ಕೈ ಅಂದು ತಾನಾಗಿ ಓಡಿತು. ಹನ್ನೆರಡು ಐವತ್ತಕ್ಕೆ ಐಪಿಸಿ ಸೆಕ್ಷನ್ ೩೮೦ರಡಿ ಎಫ್‌ಐಆರ್ ದಾಖಲಾಯಿತು.

ಎರಡು ಗಂಟೆಗೆ ಔಟ್‌ಹೌಸಿನಲ್ಲಿ ಪಂಚನಾಮೆ. ಮೇಜಿನ ಮೇಲೆ ಕೈಗಡಿಯಾರ ಇದ್ದಲ್ಲೇ ಇತ್ತು. ಕಾರ್ಡುಗಳಿಂದ ಲೆಕ್ಕ ಹಾಕಿ ಬರೆದ ಕೋಷ್ಟಕದ ಹಾಳೆಗಳೂ ಇದ್ದವು. ಕಾರ್ಡು ಮುನ್ನೂರ ಹದಿಮೂರು ಎಂಬ ಮೊತ್ತ ಅದರಲ್ಲಿತ್ತು. ಕಾರ್ಡುಗಳನ್ನು ತುಂಬಿಟ್ಟಿದ್ದ ಬಿಸ್ಕತ್ತಿನ ತಗಡಿನ ಡಬ್ಬವೊಂದೇ ಮಾಯ. ಬೆಳಗ್ಗೆ ಹನ್ನೊಂದೂಕಾಲಕ್ಕೆ ಫೋನ್ ಬಂದಿದೆಯೆಂದು ವೇದಾ ಮುಂದಿನ ಬಂಗಲೆಗೆ ಹೋಗಿದ್ದಳು. ಹದಿನೈದು ನಿಮಿಷ ಬಾಗಿಲು ತೆರೆದಿತ್ತು.

"ಯಾರ ಮೇಲಾದ್ರೂ ಅನುಮಾನ?"

"ವೆಂಕಟಾಚಲ ಅಂತ, ಕಾನೂನು ಅಧ್ಯಾಪಕರು. ಅವರದೂ ಇದೇ ಜೋಗುಪಾಳ್ಯದ ಮೇಲೆ ಸಂಶೋಧನೆ. ನನ್ನದು ತಪ್ಪು ಅಂತ ಸಭೇಲೇ ಕೂಗಾಡಿದ್ರು."

ನಾಲ್ಕೂವರೆಗೆ ವೆಂಕಟಾಚಲ ಕಾಲೇಜಿನ ಮಹಡಿಯಲ್ಲಿ ಸಿಕ್ಕಿದ.

"ಇವತ್ತು ಹನ್ನೊಂದರಿಂದ ಹನ್ನೆರಡು ಎಲ್ಲಿದ್ರಿ?"

"ಕ್ಲಾಸಲ್ಲಿ. ಅರವತ್ತು ಜನ ಸಾಕ್ಷಿ ಇದಾರೆ. ನಲವತ್ತು ಜನ ನಿದ್ದೆ ಹೊಡೀತಿದ್ರು, ಮಿಕ್ಕವರನ್ನ ಕೇಳಿ."

"ವೇದಾಗೆ ನಿಮ್ಮ ಮೇಲೇ ಅನುಮಾನ."

"ಇರ್ಲಿ. ಕಾಯಿಲೆಗೆ ನೀರು ಕಾರಣ ಅಂತ ಅವಳು, ಬಾಡಿಗೆ ಕಾನೂನು ಕಾರಣ ಅಂತ ನಾನು. ಕೋಷ್ಟಕವೂ ಹೋಯ್ತಾ?"

"ಇಲ್ಲ, ಮೇಜಿನ ಮೇಲೇ ಇದೆ."

ವೆಂಕಟಾಚಲ ನಕ್ಕುಬಿಟ್ಟ. "ಹಾಗಾದ್ರೆ ಓದಿದವನ ಕೆಲಸ ಅಲ್ಲ ಸ್ವಾಮಿ. ನಾನಾಗಿದ್ರೆ ಕೋಷ್ಟಕ ಎತ್ಕೊಂಡು ಹೋಗ್ತಿದ್ದೆ. ಬರೀ ಕಾರ್ಡು ಯಾರಿಗೆ ಬೇಕು?"

ಕೃಷ್ಣಸ್ವಾಮಿ ಅರ್ಧ ಮೆಟ್ಟಿಲಿಳಿದವನು ಹಾಗೇ ನಿಂತ. ಬರೀ ಕಾರ್ಡು ಯಾರಿಗೆ ಬೇಕು? ಪ್ರಶ್ನೆ ಅವನಿಗೆ ಎಷ್ಟು ಹಿಡಿಸಿತೆಂದರೆ ದಾರಿಯುದ್ದಕ್ಕೂ ಅದನ್ನೇ ಗುನುಗುತ್ತ ಬಂದ.

ಶುಕ್ರವಾರ ಬೆಳಗ್ಗೆ ಆರು ನಲವತ್ತೈದಕ್ಕೆ ಠಾಣೆಯ ಫೋನ್ ರಿಂಗಾಯಿತು.

"ಡಬ್ಬ ಸಿಕ್ತು ಸಾರ್! ಗೇಟಿನ ಹತ್ರ ಯಾರೋ ಇಟ್ಟು ಹೋಗಿದಾರೆ!" ವೇದಾಳ ದನಿ ಕುಣಿಯುತ್ತಿತ್ತು.

ಜೀಪು ತಲುಪುವ ಹೊತ್ತಿಗೆ ಆ ದನಿ ಇಳಿದಿತ್ತು. ಮೂರು ಸಲ ಎಣಿಸಿದ್ದಳು, ಮೂರು ಸಲವೂ ಮುನ್ನೂರ ಹನ್ನೆರಡೇ. ೧೪೭ನೇ ಕಾರ್ಡು ಇರಲಿಲ್ಲ.

"ಕಟ್ಟೂ ನಂದಲ್ಲ ಸಾರ್. ನಾನು ಹುರಿದಾರದಲ್ಲಿ ಕಟ್ಟಿದ್ದೆ."

ಕಾರ್ಡುಗಳನ್ನು ಬಾಳೆನಾರಿನಲ್ಲಿ ಕಟ್ಟಿತ್ತು. ನಾರು ಇನ್ನೂ ತೇವ. ಕೃಷ್ಣಸ್ವಾಮಿ ಒಂದು ಕಟ್ಟನ್ನು ಮೂಗಿಗೆ ಹಿಡಿದ. ಸಬ್ಬಸಿಗೆ ಸೊಪ್ಪಿನ ವಾಸನೆ.

"ಗಂಟು ನೋಡಿ ಸಾರ್," ಎಂದ ಮುನಿಶಾಮಿ. "ಎರಡು ಸುತ್ತು ಸುತ್ತಿ ತುದಿ ಒಳಕ್ಕೆ ಸಿಕ್ಸಿದಾರೆ. ನಮ್ಮಮ್ಮ ಸೊಪ್ಪಿನ ಕಟ್ಟು ಹಿಂಗೇ ಕಟ್ತಿದ್ಳು. ನೆನೆಸದಿದ್ರೆ ನಾರು ಪಟ್ ಅಂತ ಮುರಿಯುತ್ತೆ."

"ಸೊಪ್ಪಿನವರು ಇಲ್ಲಿಗೆ ಬರ್ತಾರಾ?"

"ಮೂರು ಜನ ಬರ್ತಾರೆ," ಎಂದಳು ವೇದಾ ನಿಧಾನವಾಗಿ. "ಮೂವರೂ ಜೋಗುಪಾಳ್ಯದವರೇ."

"೧೪೭ ಯಾರ ಮನೆ?"

"ಹೇಳಲ್ಲ."

"ಏನಂದ್ರಿ?"

"ಕಾರ್ಡಲ್ಲಿ ಹೆಸರಿಲ್ಲ, ಬರೀ ನಂಬರು. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟೇ ಕೇಳಿದ್ದು ಸಾರ್."

"ದೂರು ಕೊಟ್ಟೋರು ನೀವೇ ಅಲ್ವೇನಮ್ಮ! ವಕೀಲರಿಗೆ ಇರೋ ರಕ್ಷಣೆ ಸಂಶೋಧಕರಿಗೆ ಕಾನೂನಲ್ಲಿಲ್ಲ. ಕೋರ್ಟಲ್ಲಿ ಕೇಳಿದ್ರೆ ಹೇಳಲೇಬೇಕು."

"ಕೋರ್ಟಲ್ಲೇ ಕೇಳಿಸಿ. ಒಂದು ಕಾರ್ಡು ಕಮ್ಮಿ ಅಂತ ಪ್ರಬಂಧ ತಿರಸ್ಕಾರ ಮಾಡಿದ್ರೂ ಮಾಡ್ಲಿ."

ಕೃಷ್ಣಸ್ವಾಮಿಗೆ ರೇಗಿತು. ಜೀಪು ಹತ್ತಿದ ಮೇಲೆ ಮಾತ್ರ, "ಗಟ್ಟಿ ಹೆಂಗಸು ಕಣಯ್ಯ," ಎಂದ.

ಹತ್ತೂವರೆಗೆ ಜೋಗುಪಾಳ್ಯ. ಜೀಪು ನುಗ್ಗದ ಓಣಿ. ಇಬ್ಬರೂ ನಡೆದು ಹೊರಟರು. ಮೂವರು ಸೊಪ್ಪಿನವರಲ್ಲಿ ಯಾರು ಎಂದು ಕೇಳಿ ತಿಳಿಯುವುದು ಹೇಗೆ ಎಂದು ಯೋಚಿಸುತ್ತಿದ್ದ ಕೃಷ್ಣಸ್ವಾಮಿ ಒಂದು ಬಾಗಿಲ ಮುಂದೆ ನಿಂತುಬಿಟ್ಟ. ಬಾಗಿಲ ಮೇಲೆ ಟಾರಿನಲ್ಲಿ ಬರೆದ ಅಂಕಿ: ೧೪೪.

"ಇದನ್ನ ಬರೆದೋರು ಯಾರಯ್ಯ?"

"ಸೆನ್ಸಸ್‌ನವರು ಸಾರ್. ಹೋದ ವರ್ಷ ಊರಿಗೆಲ್ಲ ಬಳಿದ್ರಲ್ಲ."

ಕೃಷ್ಣಸ್ವಾಮಿಗೆ ಥಟ್ಟನೆ ಹೊಳೆಯಿತು. ಹೊಸದಾಗಿ ನಂಬರು ಹಾಕುವ ಕಷ್ಟವೇಕೆಂದು ವೇದಾ ಬಾಗಿಲ ಮೇಲಿದ್ದುದನ್ನೇ ಕಾರ್ಡಿಗೆ ಇಳಿಸಿಕೊಂಡಿದ್ದಳು! ಹೆಸರನ್ನು ಅಷ್ಟು ಜೋಪಾನವಾಗಿ ಮುಚ್ಚಿಟ್ಟವಳು ವಿಳಾಸವನ್ನು ಬೀದಿಗೆ ಬಿಟ್ಟಿದ್ದಳು. ಅವನು ಹೆಚ್ಚುಕಡಿಮೆ ಓಡಿದ. ೧೪೫. ೧೪೬.

ಮುಂದಿನ ಮನೆಗೆ ಹೊಸದಾಗಿ ಸುಣ್ಣ ಬಳಿದಿತ್ತು. ಗೋಡೆಗೆ ಚಪ್ಪರದ ಗಳುಗಳನ್ನು ಒರಗಿಸಿತ್ತು. ಜಗಲಿಯಲ್ಲಿ ಐವತ್ತರ ಹೆಂಗಸು ದಂಟಿನ ಸೊಪ್ಪು ಕಟ್ಟುತ್ತಿದ್ದಳು. ಪಕ್ಕದ ಬಕೆಟ್ಟಿನಲ್ಲಿ ಬಾಳೆನಾರು ನೆನೆದಿತ್ತು.

"ನಿಮ್ಮ ಹೆಸರು?"

"ಮುನಿವೆಂಕಟಮ್ಮ." ಕೈಯಲ್ಲಿದ್ದ ಕಟ್ಟನ್ನು ಪೂರ್ತಿ ಮಾಡಿ ಕೆಳಗಿಟ್ಟಳು. "ಬರ್ತೀರ ಅಂತ ಗೊತ್ತಿತ್ತು ಸ್ವಾಮಿ. ಇಷ್ಟು ಬೇಗ ಅಂದ್ಕೊಂಡಿರ್ಲಿಲ್ಲ."

"ಡಬ್ಬ ಹೇಗೆ ತಂದ್ರಿ?"

"ಬುಟ್ಟೀಲಿಟ್ಟು ಮೇಲೆ ಸಬ್ಬಸಿಗೆ ಮುಚ್ಚಿದೆ."

"ಆ ಕಾರ್ಡೆಲ್ಲಿ?"

"ಒಲೆಗೆ ಹಾಕ್ದೆ."

"ಓದೋಕೆ ಬರುತ್ತಾ?"

"ನಂಗೆಲ್ಲಿ ಬರುತ್ತೆ! ಆಯಮ್ಮ ಬಾಗಿಲು ನೋಡ್ಕೊಂಡು ಬರ್ಕೊಂಡಿದ್ದು ಕಂಡಿದ್ದೆ. ನಿನ್ನೆ ಒಂದೊಂದೇ ಕಾರ್ಡು ಬಾಗಿಲಿಗೆ ಹಿಡಿದು ಹೋಲಿಸ್ದೆ."

"ಮಿಕ್ಕಿದ್ದೂ ಸುಟ್ಟಿದ್ರೆ ನಾವು ಇಲ್ಲಿಗೆ ಬರ್ತಿರ್ಲಿಲ್ಲ."

"ಅದೆಲ್ಲ ಬೇರೆಯವರ ಮನೇದು. ಸುಡೋಕೆ ನಾನ್ಯಾರು?"

ಮುನಿಶಾಮಿ ಬೇರೆಲ್ಲೋ ನೋಡಿದ. ಹನ್ನೊಂದು ಹತ್ತಕ್ಕೆ, ಪಕ್ಕದ ಮನೆಯ ದೊಡ್ಡಮುನಿಯಮ್ಮನನ್ನು ಜೊತೆಗಿಟ್ಟುಕೊಂಡು ಆಕೆಯನ್ನು ದಸ್ತಗಿರಿ ಮಾಡಲಾಯಿತು.

ಠಾಣೆಯಲ್ಲಿ ಆಕೆ ಕಾರಣ ಹೇಳಿದಳು. ಗಂಡ ಮುಂಬಯಿಯಲ್ಲಿದ್ದಾನೆ ಎಂದು ಓಣಿಯೆಲ್ಲ ನಂಬಿತ್ತು. ಆತ ಏಳು ವರ್ಷದಿಂದ ಕುಷ್ಠರೋಗದ ಆಸ್ಪತ್ರೆಯಲ್ಲಿದ್ದ. ಯುಗಾದಿ ಮುಗಿದ ಭಾನುವಾರ ಮಗಳ ಮದುವೆ. ಬುಧವಾರ ಸೊಪ್ಪು ಕೊಳ್ಳುವಾಗ ವೇದಾ ಖುಷಿಯಿಂದ, "ನೀವು ಹೇಳಿದ್ದೆಲ್ಲ ಟೈಪ್ ಆಗುತ್ತಮ್ಮ, ನಾಳೆ ಸಂಜೆ ಕಾರ್ಡೆಲ್ಲ ಅಂಜನಮೂರ್ತಿಯವರಿಗೆ ಕೊಡ್ತೀನಿ," ಎಂದಿದ್ದಳು. ಟೈಪಿಸ್ಟ್ ಅಂಜನಮೂರ್ತಿ ಮದುವೆಯ ಗಂಡಿನ ಸೋದರಮಾವ. ೧೪೭ ಎಂದು ಬರೆದ ಆ ಬಾಗಿಲಿನಿಂದಲೇ ನಿಶ್ಚಿತಾರ್ಥಕ್ಕೆ ಬಂದು ಹೋದವನು.

ಹೇಳಿಕೆಯಲ್ಲಿ ಕೃಷ್ಣಸ್ವಾಮಿ "ಮನೆಯ ಗುಟ್ಟು ಹೊರಬೀಳುವ ಭಯದಿಂದ" ಎಂದಷ್ಟೇ ಬರೆದ. ಆರೋಪಿ ಹೆಂಗಸಾದ್ದರಿಂದ ಠಾಣೆಯಲ್ಲೇ ಜಾಮೀನು ಕೊಡುವ ಅಧಿಕಾರ ಅವನಿಗಿತ್ತು, ಜಾಮೀನುದಾರರು ಬೇಕಿತ್ತು. ಸಂಜೆ ನಾಲ್ಕಕ್ಕೆ ಬಂದ ವೇದಾ ವಿಷಯ ಕೇಳಿ ಮೇಜಿನ ಮೇಲಿದ್ದ ಜಾಮೀನು ಪತ್ರವನ್ನು ತನ್ನತ್ತ ಎಳೆದುಕೊಂಡಳು.

"ತಪ್ಪು ನಂದು ಸಾರ್. ಆ ನಂಬರು ಹಾಕಬಾರದಿತ್ತು. ಎಲ್ಲಿ ಸಹಿ ಮಾಡ್ಬೇಕು?"

"ದೂರುದಾರರೇ ಜಾಮೀನಾ?" ಮುನಿಶಾಮಿ ಬಾಯಿ ಬಿಟ್ಟ. "ಇಪ್ಪತ್ತು ವರ್ಷದ ಸರ್ವೀಸಲ್ಲಿ ನೋಡಿಲ್ಲ ಸಾರ್!"

ಭಾನುವಾರವಿಡೀ ಕೂತು ವೇದಾ ಮುನ್ನೂರ ಹನ್ನೆರಡು ಕಾರ್ಡುಗಳ ನಂಬರನ್ನು ಮಸಿಯಲ್ಲಿ ಹೊಡೆದು ಹೊಸ ನಂಬರು ಹಾಕಿದಳು. ಸೋಮವಾರ ಪರೀಕ್ಷಕರ ಮುಂದೆ ಕಾರ್ಡುಗಳ ಜೊತೆ ಪೊಲೀಸ್ ಪಂಚನಾಮೆಯ ನಕಲನ್ನೂ ಇಟ್ಟಳು. ಕೋಷ್ಟಕದ ಮೊತ್ತ ಅದರಲ್ಲಿ ನಮೂದಾಗಿತ್ತು. ಒಂದೂವರೆಗೆ ಠಾಣೆಗೆ ಫೋನ್ ಮಾಡಿ, "ಪಾಸ್ ಸಾರ್!" ಎಂದು ಕಿರುಚಿದಳು.

ಕೃಷ್ಣಸ್ವಾಮಿ ನಗುತ್ತ ಕೇಸ್ ಡೈರಿ ಮುಚ್ಚಿದ. ಒಂದು ಮಾತನ್ನು ಮಾತ್ರ ಅವನು ಅದರಲ್ಲಿ ಬರೆದಿರಲಿಲ್ಲ. ಅಷ್ಟು ಭಯವಿದ್ದವಳು ಆಯಮ್ಮನಿಗೆ ಯಾಕೆ ಹೇಳಿದೆ ಎಂದು ಶುಕ್ರವಾರ ಕೇಳಿದಾಗ ಮುನಿವೆಂಕಟಮ್ಮ ಸೆರಗಿನ ತುದಿಗೆ ಗಂಟು ಹಾಕುತ್ತ ಅಂದಿದ್ದಳು:

"ನಿಮ್ಮ ಯಜಮಾನರು ಹೆಂಗಿದಾರೆ ಅಂತ ಏಳು ವರ್ಷದಲ್ಲಿ ಕೂತ್ಕೊಂಡು ಕೇಳಿದೋರು ಆಯಮ್ಮ ಒಬ್ರೇ ಸ್ವಾಮಿ."